ಪೇಂಟ್ ಹೊಡೆಸುವ ಮುಂಚೆ

ದೊಡ್ಡನೆಕ್ಕುಂದಿಯಲ್ಲಿ ಫ್ಲಾಟ್ ಮಾರೋಕೆ ಹೊರಟಿರುವ ಒಬ್ಬ ಸಹೋದರ ನನ್ನನ್ನ ಕೇಳಿದ: "ಬ್ರದರ್, ಬಾತ್‌ರೂಮ್ ಪಕ್ಕದ ಗೋಡೆ ಆಗಾಗ ಉಬ್ಬುತ್ತೆ. ಇನ್‌ಸ್ಪೆಕ್ಷನ್ ಮಾಡಿಸಿದ್ರೆ ಕಾರಣ ಗೊತ್ತಾಗುತ್ತೆ, ಗೊತ್ತಾದ್ರೆ ಹೇಳಬೇಕಾಗುತ್ತೆ. ಮಾಡಿಸದೇ ಪೇಂಟ್ ಹೊಡೆಸಿದ್ರೆ ಅದು ಸುಳ್ಳಾಗಲ್ಲ ಅಲ್ವಾ?"

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ನೋಡಿ. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಅವನು ಸಾಮಾನ್ಯ ಎಚ್ಚರದಿಂದ ನೋಡಿದ್ರೂ ಕಾಣದ ದೊಡ್ಡ ದೋಷವನ್ನ ಮಾರುವವನೇ ತಿಳಿಸಬೇಕು. ಮುಚ್ಚಿಟ್ಟರೆ ಅದು ವಂಚನೆ. ಸಹೋದರನ ಕಣ್ಣು "ಗೊತ್ತಿದ್ದು" ಅನ್ನೋ ಮಾತಿನ ಮೇಲಿದೆ. ಗೊತ್ತು ಮಾಡಿಕೊಳ್ಳದೇ ಇದ್ರೆ ಬಚಾವ್ ಅಂತ.

ಈಗ ಯಾಜಕಕಾಂಡ 14ನೇ ಅಧ್ಯಾಯಕ್ಕೆ ಬನ್ನಿ. ಮನೆಯ ಗೋಡೆಯಲ್ಲಿ ಹಸಿರೋ ಕೆಂಪೋ ಬೂಷ್ಟಿನಂಥ ಗುರುತು ಕಂಡರೆ ಯಾರು ಹೋಗಿ ಹೇಳಬೇಕು? ಪಕ್ಕದ ಮನೆಯವರಲ್ಲ, ಯಜಮಾನನೇ. ಅವನು ರೋಗ ಏನು ಅಂತ ನಿರ್ಧರಿಸಬೇಕಾಗಿಲ್ಲ. ಹೀಗೊಂದು ಕಾಣಿಸ್ತಿದೆ ಅಂದರೆ ಸಾಕು, ಪರೀಕ್ಷೆ ಯಾಜಕನ ಕೆಲಸ. ಅಂದರೆ ಜವಾಬ್ದಾರಿ ಶುರುವಾಗೋದು ಪೂರ್ತಿ ಗೊತ್ತಾದ ಮೇಲಲ್ಲ, ಅನುಮಾನ ಬಂದಾಗಲೇ. ಅನುಮಾನ ಇದ್ದೂ ನೋಡದೇ ಇರೋನು ಅಜ್ಞಾನಿ ಅಲ್ಲ, ಅವನು ಅಜ್ಞಾನವನ್ನ ಆರಿಸಿಕೊಂಡವನು.

ಇನ್ನೊಂದು ಗಮನಿಸಿ. ಯಾಜಕ ಬರುವ ಮುಂಚೆ ಮನೆ ಖಾಲಿ ಮಾಡಿಸ್ತಾನೆ, ಒಳಗಿರುವ ಸಾಮಾನು ಅಶುದ್ಧ ಆಗಬಾರದು ಅಂತ. ಏಳು ದಿನ ಮನೆ ಮುಚ್ಚಿ ಮತ್ತೆ ನೋಡ್ತಾನೆ. ಗುರುತು ಹರಡಿದ್ರೆ ಆ ಕಲ್ಲು ಮಾತ್ರ ತೆಗೆಸಿ, ಗೋಡೆ ಕೆರೆಸಿ, ಹೊಸ ಗಾರೆ ಹಾಕಿಸ್ತಾನೆ. ಅದಾದ ಮೇಲೂ ಹರಡಿದ್ರೆ ಮಾತ್ರ ಕೆಡವೋದು. ಈ ಪರೀಕ್ಷೆ ಯಜಮಾನನಿಗೂ ಕರುಣೆಯೇ.

ನಾವು ಮನೆ ಮಾರುವಾಗ ಇ-ಖಾತಾ, ಇಸಿ ಎಲ್ಲ ರೆಡಿ ಮಾಡ್ತೀವಿ. ಗೋಡೆಯ ತೇವ, ಟೈಲ್ಸ್ ಕೆಳಗಿನ ಪೈಪು, ಅರ್ಥಿಂಗ್ ನೋಡಿಸೋರು ಕಡಿಮೆ. ನೋಡಿಸಿ. ರಿಪೇರಿ ಮಾಡಿಸಿ, ಇಲ್ಲಾಂದ್ರೆ ರಿಪೋರ್ಟ್ ಕೈಗೆ ಕೊಟ್ಟು ಬೆಲೆ ಇಳಿಸಿ. ಹಣ ಕಡಿಮೆ ಬರಬಹುದು, ಬರಲ್ಲ ಅಂತ ನಾನು ವಾಗ್ದಾನ ಮಾಡಲ್ಲ. ಆದರೆ ಆ ನಷ್ಟ ಎಲ್ಲಿಗೂ ಮಾಯ ಆಗಲ್ಲ. ನೀವು ಹೊರದಿದ್ರೆ, ಇಪ್ಪತ್ತು ವರ್ಷದ ಸಾಲ ಮಾಡಿ ಬರುವ ಇನ್ನೊಂದು ಕುಟುಂಬ ಹೊರಬೇಕು. ಅವರು ನಿಮ್ಮ ನೆರೆಯವರು ಅಂತ ನೆನಪಿಟ್ಟು, ಪೇಂಟರ್‌ಗೆ ಫೋನ್ ಮಾಡುವ ಮುಂಚೆ ಇನ್‌ಸ್ಪೆಕ್ಟರ್‌ಗೆ ಮಾಡಿ. ಆಮೆನ್.