ಪಿತೃತ್ವವೂ ಪೌರುಷವೂ

ಮನೆಯ ಯಜಮಾನನ ಮಾತಿಗೆ ಎದುರಿಲ್ಲದಿರುವುದೇ ಪೌರುಷವೆಂಬ ಭಾವನೆಯು ಲೋಕದಲ್ಲುಂಟು. ಹಾಗಾದರೆ ಮಗನು ಬೇರೊಂದು ದಾರಿಯನ್ನು ಹಿಡಿದಾಗ ತಂದೆಯು ಮಣಿಯುವುದು ದೌರ್ಬಲ್ಯವೇ? ನಮ್ಮ ಗ್ರಂಥಗಳು ಚಿತ್ರಿಸಿರುವ ಮೂವರು ತಂದೆಯರನ್ನು ಮುಂದಿರಿಸಿಕೊಂಡು ವಿಚಾರಮಾಡೋಣ.

ಶ್ರೀಮದ್ಭಾಗವತದ ಸಪ್ತಮಸ್ಕಂಧದ ಹಿರಣ್ಯಕಶಿಪುವು ಲೋಕಪಾಲರನ್ನೇ ಗೆದ್ದವನು. ಆದರೆ ಐದು ವರ್ಷದ ಬಾಲಕನ ಮಾತೊಂದನ್ನು ಸಹಿಸುವ ಬಲವು ಅವನಲ್ಲಿರಲಿಲ್ಲ. ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಪಾಠವನ್ನು ಕೇಳಿದವನೇ ಮಗುವನ್ನು ನೆಲಕ್ಕೆ ದೂಡಿದನು. ಧೃತರಾಷ್ಟ್ರನದು ಇದಕ್ಕೆ ವಿಪರೀತ. ವಿದುರನ ಹಿತವಚನವನ್ನು ರಾತ್ರಿಯೆಲ್ಲ ಕೇಳಿ, ಸರಿಯೆಂದು ಒಪ್ಪಿಯೂ, ದುರ್ಯೋಧನನ ಬಳಿ ಬಂದೊಡನೆ ತನ್ನ ಬುದ್ಧಿಯು ತಿರುಗಿಬಿಡುವುದೆಂದು ತಾನೇ ನುಡಿದನು. ಒಬ್ಬನಿಗೆ ಮಗನು ತನ್ನ ಆಜ್ಞೆಯ ನೆರಳು. ಮತ್ತೊಬ್ಬನಿಗೆ ತನ್ನ ಆಸೆಯ ನೆರಳು. ಮಗನೂ ಪ್ರತ್ಯೇಕನಾದ ಒಬ್ಬ ಜೀವನೆಂಬುದನ್ನು ಇಬ್ಬರೂ ಕಾಣಲಿಲ್ಲ.

ಮೂರನೆಯವರು ಸುಮಧ್ವವಿಜಯದ ಮಧ್ಯಗೇಹ ಭಟ್ಟರು. ಬಾಲಕ ವಾಸುದೇವನು ಪುರಾಣ ಹೇಳುವವರ ತಪ್ಪನ್ನು ಸಭೆಯಲ್ಲಿ ತೋರಿಸಿ, ಮನೆಗೆ ಬಂದು ಯಾರದು ಸರಿಯೆಂದು ಕೇಳಿದಾಗ, ಮಗನದೇ ಸರಿಯೆಂದವರು. ಅಂಥವರೂ ಸಂನ್ಯಾಸದ ಮಾತು ಬಂದಾಗ ತಲ್ಲಣಿಸಿದರು. ಹಿಂಬಾಲಿಸಿ ಹೋದರು, ಬೇಡಿದರು, ಮಗನಿಗೇ ನಮಸ್ಕರಿಸಿದರು. ನಾರಾಯಣ ಪಂಡಿತಾಚಾರ್ಯರು ಈ ಸಂಕಟವನ್ನು ಮುಚ್ಚಿಟ್ಟಿಲ್ಲ. ಮತ್ತೊಬ್ಬ ಮಗನು ಹುಟ್ಟಿದ ಮೇಲೆ ಅವರು ಸಮ್ಮತಿಸಿದರು.

ಧೃತರಾಷ್ಟ್ರನೂ ಮಣಿದನಲ್ಲವೇ ಎಂದು ಕೇಳಬಹುದು. ಮಣಿದನು, ಆದರೆ ಅಧರ್ಮವೆಂದು ತಿಳಿದೂ ಮೋಹಕ್ಕೆ ಮಣಿದನು. ಭಟ್ಟರಾದರೋ ಮೋಹವನ್ನು ಗೆದ್ದು ಧರ್ಮಕ್ಕೆ ಮಣಿದರು. ಹೊರಗೆ ಎರಡೂ ಒಂದೇ ತೆರನಾಗಿ ಕಂಡರೂ ಒಳಗಿನ ಅಂತರವು ಅಪಾರ.

ಜೀವಜೀವರಿಗೆ ಭೇದವುಂಟೆಂದು ನಿತ್ಯವೂ ಪಠಿಸುವ ನಾವು, ಮಕ್ಕಳ ವಿಷಯದಲ್ಲಿ ಮಾತ್ರ ಅದನ್ನು ಮರೆಯುತ್ತೇವೆ. ಪಾಠಶಾಲೆಯಿಂದ ಬಂದ ಮೇಲೆ ಬಿ.ಎ. ಓದುವೆವೆಂದು ನಾವು ಹೇಳಿದಾಗ, ಅರ್ಚಕರಾದ ನಮ್ಮ ತೀರ್ಥರೂಪರು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಪೂಜೆ ಮುಗಿಸಿ ಬಂದು ಶುಲ್ಕದ ಹಣವನ್ನು ಕೈಯಲ್ಲಿಟ್ಟರು. ಅವರು ಸೋತರೆಂದೇ ಅಂದು ನಾವು ಭಾವಿಸಿದ್ದೆವು. ಇಂದು ನಮ್ಮ ಮಗನು ಸಂಧ್ಯಾವಂದನೆಯ ನಡುವೆ ಎದ್ದು, ಇದೆಲ್ಲ ಏಕೆಂದು ಕೇಳುತ್ತಾನೆ. ಗದರಿಸುವುದು ಸುಲಭ; ಸುಮ್ಮನೆ ಬಿಟ್ಟುಬಿಡುವುದು ಇನ್ನೂ ಸುಲಭ. ಪಕ್ಕದಲ್ಲಿ ಕುಳಿತು ಉತ್ತರ ಹೇಳುವಾಗ, ಆ ಎರಡು ದಿನಗಳ ಮೌನದಲ್ಲಿದ್ದ ಪೌರುಷವು ನಮಗೆ ಅರ್ಥವಾಗುತ್ತಿದೆ.

ಶ್ರೀಕೃಷ್ಣಾರ್ಪಣಮಸ್ತು.