ಕೈಯಿಂದ ಉದುರಿದ ಚಕ್ಕೆ

ಮನುಷ್ಯನನ್ನು ಉಳಿದ ಪ್ರಾಣಿಗಳಿಂದ ಬೇರೆ ಮಾಡಿ ತೋರಿಸುವ ಲಕ್ಷಣ ಯಾವುದು ಎಂಬ ಪ್ರಶ್ನೆಗೆ ಉತ್ತರಗಳ ಬರಗಾಲವೇನೂ ಇಲ್ಲ. ಮಾತು ಎಂದರು ಕೆಲವರು. ನಗೆ ಎಂದರು ಇನ್ನು ಕೆಲವರು. ಧರ್ಮಾಧರ್ಮ ವಿವೇಕ ಎಂದರು ನಮ್ಮ ಹಿರಿಯರು. ವಿಜ್ಞಾನಿಗಳು ಬಹುಕಾಲ ನೆಚ್ಚಿಕೊಂಡಿದ್ದ ಉತ್ತರ ಬೇರೊಂದು: ಉಪಕರಣವನ್ನು ತಯಾರಿಸುವ ಪ್ರಾಣಿಯೇ ಮನುಷ್ಯ. 1960ರಲ್ಲಿ ಜೇನ್ ಗುಡಾಲ್ ಅವರು ಆಫ್ರಿಕದ ಗೊಂಬೆ ಕಾಡಿನಲ್ಲಿ ಚಿಂಪಾಂಜಿ ಕಡ್ಡಿಯ ಎಲೆ ತರಿದು, ಹುತ್ತದೊಳಗೆ ತೂರಿಸಿ, ಗೆದ್ದಲನ್ನು ಹೊರಗೆಳೆದು ತಿನ್ನುವುದನ್ನು ಕಂಡ ಮೇಲೆ ಈ ಉತ್ತರದ ಬುಡ ಅಲುಗಿತು. ಆದರೂ ಒಂದು ಆಸರೆ ಉಳಿದಿತ್ತು. ಕಡ್ಡಿಯ ಮಾತು ಹಾಗಿರಲಿ, ಕಲ್ಲಿಗೆ ಕಲ್ಲು ಬಡಿದು ಹರಿತವಾದ ಚಕ್ಕೆ ಎಬ್ಬಿಸುವುದು ಕಾಡುಪ್ರಾಣಿಗೆ ಸಾಧ್ಯವಿಲ್ಲ ಎಂದು ತಿಳಿದಿದ್ದರು.

ಆ ಆಸರೆಗೂ 2016ರಲ್ಲಿ ಪೆಟ್ಟು ಬಿತ್ತು. ಬ್ರೆಜಿಲ್ ದೇಶದ ಈಶಾನ್ಯದಲ್ಲಿ ಸೆರಾ ದ ಕಪಿವಾರ ಎಂಬ ರಾಷ್ಟ್ರೀಯ ಉದ್ಯಾನವಿದೆ. ಹೆಸರಿನಲ್ಲಿರುವ ‘ಕಪಿ’ಗೂ ನಮ್ಮ ಕಪಿಗೂ ನಂಟಿಲ್ಲ, ಅದು ಕ್ಯಾಪಿಬಾರ ಎಂಬ ದೊಡ್ಡ ದಂಶಕದ ಹೆಸರು. ಆದರೆ ಅಲ್ಲಿ ಕೋತಿಗಳೂ ಇವೆ, ಕಪುಚಿನ್ ಜಾತಿಯವು. ಗೇರುಬೀಜವೆಂದರೆ ಅವಕ್ಕೆ ಪ್ರಾಣ. ಗೇರುಮರದ ತವರು ಆ ನಾಡೇ. ಪೋರ್ಚುಗೀಸರು ಅದನ್ನು 16ನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ತಂದರು. ಬೀಜದ ಸಿಪ್ಪೆಯ ಎಣ್ಣೆ ಕೈಯನ್ನು ಸುಡುತ್ತದೆಂಬುದು ಮಂಗಳೂರಿನ ಕಾರ್ಖಾನೆಗಳಲ್ಲಿ ಬೀಜ ಸುಲಿಯುವ ಹೆಂಗಸರಿಗೆ ಗೊತ್ತು. ಕೋತಿಗೂ ಗೊತ್ತಿರುವಂತಿದೆ. ಅದು ಬೀಜವನ್ನು ಹಾಸುಬಂಡೆಯ ಮೇಲಿಟ್ಟು ಗುಂಡುಕಲ್ಲಿನಿಂದ ಒಡೆಯುತ್ತದೆ. ಈ ವಿದ್ಯೆ ಅಲ್ಲಿ ಸುಮಾರು 3000 ವರ್ಷಗಳಿಂದ ನಡೆದುಬಂದಿದೆಯೆಂದು ನೆಲವನ್ನು ಅಗೆದು ನೋಡಿದವರು 2019ರಲ್ಲಿ ತಿಳಿಸಿದರು.

ಇದೇ ಕೋತಿಗಳು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಬೆಣಚುಕಲ್ಲಿನ ಗುಂಡನ್ನೆತ್ತಿ ಬಂಡೆಯಲ್ಲಿ ಹುದುಗಿರುವ ಮತ್ತೊಂದು ಗುಂಡಿಗೆ ಬಡಿಯುತ್ತವೆ. ಎದ್ದ ಪುಡಿಯನ್ನು ನೆಕ್ಕುತ್ತವೆ. ಬಡಿಯುವಾಗ ಚಕ್ಕೆಗಳು ಸಿಡಿದು ಬೀಳುತ್ತವೆ. ಅವುಗಳ ಅಂಚು ಹರಿತ. ಆಕಾರವೂ ಆದಿಮಾನವರ ಕಲ್ಲಿನ ಚಕ್ಕೆಗಳಂಥದೇ. ಆದರೆ ಒಂದು ಕೋತಿಯೂ ಆ ಚಕ್ಕೆಯನ್ನೆತ್ತಿ ಏನನ್ನಾದರೂ ಕೊಯ್ದದ್ದನ್ನು ಯಾರೂ ಕಾಣಲಿಲ್ಲ. ಚೂರಿ ಕಾಲಬುಡದಲ್ಲೇ ಬಿದ್ದಿದೆ. ಕೋತಿ ಪುಡಿ ನೆಕ್ಕಿ ಹೊರಟುಹೋಗುತ್ತದೆ! 2023ರಲ್ಲಿ ಥಾಯ್ಲೆಂಡಿನಿಂದಲೂ ಇಂಥದೇ ವರದಿ ಬಂತು. ಅಲ್ಲಿಯ ಉದ್ದಬಾಲದ ಕೋತಿಗಳು ಎಣ್ಣೆತಾಳೆಯ ಬೀಜ ಒಡೆಯುವಾಗ ಗುರಿ ತಪ್ಪಿದ ಪೆಟ್ಟು ಅಡಿಯ ಕಲ್ಲಿಗೆ ತಗುಲಿ ಚಕ್ಕೆಗಳು ಏಳುತ್ತವೆ.

ಕೆನ್ಯದ ತುರ್ಕಾನ ಸರೋವರದ ಬಳಿ, ಲೊಮೆಕ್ವಿ ಎಂಬಲ್ಲಿ, 33 ಲಕ್ಷ ವರ್ಷ ಹಿಂದಿನ ಕಲ್ಲಿನ ಉಪಕರಣಗಳು ಸಿಕ್ಕಿವೆ. ಅವು ಬುದ್ಧಿಪೂರ್ವಕವಾಗಿ ಮಾಡಿದವೆಂದು ತಜ್ಞರು ವಾದಿಸುತ್ತಾರೆ. ಆ ವಾದಕ್ಕೆ ಆಧಾರಗಳೂ ಇವೆ. ನನ್ನ ಪ್ರಶ್ನೆ ಅದಲ್ಲ. ಬರಿಯ ಚಕ್ಕೆಯೊಂದನ್ನು ಕೈಯಲ್ಲಿ ಹಿಡಿದು, ಇದರ ಹಿಂದೆ ಮನಸ್ಸಿತ್ತೆ ಇಲ್ಲವೆ ಎಂದು ಹೇಳುವುದು ಇನ್ನು ಸುಲಭವಲ್ಲ ಎಂದ ಮೇಲೆ, ‘ಮಾಡುವುದು’ ಎಂದರೆ ಏನು?

ನನಗೆ ತೋರುವುದಿಷ್ಟು. ಕೈ ಕೋತಿಗೂ ಇದೆ, ಕಲ್ಲೂ ಇದೆ, ಪೆಟ್ಟಿನಲ್ಲಿ ಬಲವೂ ಇದೆ. ಇಲ್ಲದ್ದು ಬಾಗಿ ನೋಡುವ ಆ ಒಂದು ಗಳಿಗೆ. ನಮ್ಮ ಪೂರ್ವಜರೂ ಎಷ್ಟೋ ತಲೆಮಾರು ಕಾಯಿ ಕುಟ್ಟುತ್ತ, ಉದುರಿದ ಚಕ್ಕೆಗಳನ್ನು ತುಳಿದುಕೊಂಡೇ ಓಡಾಡಿರಬಹುದು. ಎಂದೋ ಒಬ್ಬರು, ಕಾಲು ಕೊಯ್ದುಕೊಂಡಾಗಲೋ ಏನೋ, ಬಾಗಿ, ಎತ್ತಿಕೊಂಡು, ‘ಇದು ನನ್ನ ಪೆಟ್ಟಿನಿಂದ ಬಂದದ್ದು’ ಎಂದು ಕಂಡರು. ತಂತ್ರವಿದ್ಯೆ ಹುಟ್ಟಿದ್ದು ಆಗ ಎಂದು ನನ್ನ ಊಹೆ.

ಹಾಗಾದರೆ ನಾವು ಮೀಸೆ ತಿರುವಬಹುದೆ? ತುಸು ತಾಳಬೇಕು. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿಯ ತಂಡ ಶೀತಕಯಂತ್ರಗಳಿಗಾಗಿ ವಿಷವೂ ಅಲ್ಲದ, ಉರಿಯೂ ಹತ್ತದ ಒಂದು ಅನಿಲವನ್ನು ಸಿದ್ಧಪಡಿಸಿತು. ಉದ್ದೇಶ ಒಳ್ಳೆಯದೇ, ಮನೆಮನೆಯಲ್ಲಿ ಹಾಲು ಕೆಡದೆ ಉಳಿಯಿತು. ಆದರೆ ಅಂಥ ಅನಿಲಗಳು ಮೇಲೇರಿ, ಸೂರ್ಯನ ಅತಿನೇರಳೆ ಕಿರಣವನ್ನು ತಡೆಯುವ ಓಜೋನ್ ಪದರವನ್ನು ಸವೆಸಬಲ್ಲವೆಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ತಿಳಿಸಿದ್ದು 1974ರಲ್ಲಿ. ನಡುವಣ 46 ವರ್ಷ ನಾವು ಪುಡಿ ನೆಕ್ಕಿ ಹೊರಟ ಕೋತಿಗಳೇ. ವ್ಯತ್ಯಾಸವೆಂದರೆ ಕೋತಿಯ ಚಕ್ಕೆ ಯಾರನ್ನೂ ಇರಿಯುವುದಿಲ್ಲ, ನಮ್ಮದು ಇರಿಯುತ್ತದೆ. ಆದರೆ ಕೊನೆಗೂ ಬಾಗಿ ನೋಡಿದೆವು: 1987ರ ಮಾಂಟ್ರಿಯಲ್ ಒಪ್ಪಂದದಿಂದ ಆ ಅನಿಲಗಳಿಗೆ ಕಡಿವಾಣ ಬಿತ್ತು. ಮನುಷ್ಯರೆಂಬ ಹೆಸರಿಗೆ ಅಷ್ಟರಮಟ್ಟಿಗೆ ಅರ್ಹರಾದೆವು.

‘ನಾನು ಬೇಕೆಂದು ಮಾಡಲಿಲ್ಲ’ ಎಂಬ ಮಾತು ಕೋತಿಯ ಪಾಲಿಗೆ ಪೂರ್ಣ ಸಮಾಧಾನ. ಮನುಷ್ಯನಿಗೆ ಅದು ಅರ್ಧ ಸಮಾಧಾನ ಮಾತ್ರ. ತರಗತಿಯಲ್ಲಿ ನಾನು ವರ್ಷವರ್ಷವೂ ವಿವರಿಸುವ ಪದವೊಂದಿದೆ, ‘ಕುಶಲ’. ಕುಶವೆಂದರೆ ದರ್ಭೆ, ಅದರ ಅಂಚು ಬಲು ಹರಿತ. ಕೈ ಕೊಯ್ದುಕೊಳ್ಳದೆ ಅದನ್ನು ತರಬಲ್ಲವನೇ ಕುಶಲನೆಂದು ಲಾಕ್ಷಣಿಕರು ಪದವನ್ನು ಬಿಡಿಸುತ್ತಾರೆ. ತನ್ನ ಕೈಯನ್ನಷ್ಟೇ ಅಲ್ಲ, ಹಿಂದೆ ಬರಿಗಾಲಿನಲ್ಲಿ ಬರುವವನ ಕಾಲನ್ನೂ ನೆನೆಯುವವನು ಎಂದು ನಾನು ಸೇರಿಸುತ್ತೇನೆ.