ಒಮ್ಮೆ ನೀರು, ದಿನವೂ ಪ್ರಾರ್ಥನೆ

ಕ್ರೈಸ್ತರ ದೀಕ್ಷಾಸ್ನಾನಕ್ಕೆ ಕನ್ನಡದಲ್ಲಿ ಜ್ಞಾನಸ್ನಾನ ಎಂಬ ಹೆಸರೂ ಇದೆ. ಕಥೋಲಿಕರಲ್ಲಿ ಬಳಕೆಯಲ್ಲಿರುವ ಮಾತು. ಆದರೆ ಅವರಲ್ಲಿ ಈ ಸ್ನಾನ ಹೆಚ್ಚಾಗಿ ಹಸುಗೂಸಿಗೇ ಆಗುತ್ತದೆ. ನಿದ್ದೆಯಲ್ಲಿರುವ ಮಗುವಿನ ನೆತ್ತಿಗೆ ಪಾದ್ರಿ ಮೂರು ಸಲ ನೀರು ಹೊಯ್ಯುತ್ತಾರೆ, ಮಗು ಬೆಚ್ಚಿ ಅಳುತ್ತದೆ. ಅದಕ್ಕೆ ಬಂದ ಜ್ಞಾನವಾದರೂ ಯಾವುದು? ಹೊರಗೆ ನಿಂತು ನೋಡುವ ನಮಗೆ ಹೀಗೆ ಕೇಳಬೇಕೆನಿಸುವುದು ಸಹಜ. ಆದರೆ ಈ ಪ್ರಶ್ನೆಯನ್ನು ನಮಗಿಂತ ಗಟ್ಟಿಯಾಗಿ ಕೇಳಿದವರು ಕ್ರೈಸ್ತರೇ. ಅದಕ್ಕಾಗಿ ಪ್ರಾಣ ತೆತ್ತವರೂ ಅವರಲ್ಲಿದ್ದಾರೆ.

ಮೊದಲ ಶತಮಾನಗಳಲ್ಲಿ ಸಮಸ್ಯೆ ಬೇರೆಯೇ ಇತ್ತು. ದೀಕ್ಷಾಸ್ನಾನ ಹಿಂದಿನ ಪಾಪಗಳನ್ನೆಲ್ಲ ತೊಳೆಯುತ್ತದೆ, ಅದು ಜೀವನದಲ್ಲಿ ಒಂದೇ ಸಲ ಎಂದಮೇಲೆ ಅವಸರವೇಕೆ ಎಂದು ಹಲವರು ಮುಂದೂಡುತ್ತಿದ್ದರು. ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷೆ ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ. ಸಂತ ಅಗಸ್ಟೀನರು ಬಾಲಕರಾಗಿದ್ದಾಗ ಕಾಯಿಲೆ ಬಿದ್ದು ದೀಕ್ಷೆಗೆ ಸಿದ್ಧತೆಯೂ ಆಗಿತ್ತು. ಅಷ್ಟರಲ್ಲಿ ಗುಣವಾಯಿತು, ತಾಯಿ ಅದನ್ನು ಮುಂದಕ್ಕೆ ಹಾಕಿದರು. ಕೊನೆಗೆ ಮಿಲಾನಿನಲ್ಲಿ ಅವರು ನೀರಿಗಿಳಿದದ್ದು 387ರ ಈಸ್ಟರ್ ವೇಳೆಗೆ. ಇನ್ನೂ ದೀಕ್ಷೆಯಾಗಿಲ್ಲವಲ್ಲ, ಮನಸ್ಸಿಗೆ ಬಂದದ್ದು ಮಾಡಲಿ ಬಿಡಿ ಎನ್ನುತ್ತಿದ್ದ ಜನರ ಮಾತನ್ನು ಅವರು ತಮ್ಮ ಆತ್ಮಕಥನದಲ್ಲಿ ನೋವಿನಿಂದಲೇ ನೆನೆಯುತ್ತಾರೆ. ಗಾಯ ವಾಸಿಯಾಗುವ ತನಕ ಇನ್ನಷ್ಟು ಗಾಯವಾಗಲಿ ಎಂದು ಯಾರಾದರೂ ಹೇಳುತ್ತಾರೆಯೇ?

ಪಾಪದ ಲೆಕ್ಕ ತೀರಿಸುವ ಈ ಜಾಣತನ ಯಾವ ಧರ್ಮದವರಿಗೂ ಅಪರಿಚಿತವಲ್ಲ. ಅದಕ್ಕೆ ಅಗಸ್ಟೀನರು ಕೊಟ್ಟ ಉತ್ತರ ನಮಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನೀರು ತೊಳೆಯುವುದು ಒಮ್ಮೆ, ಪ್ರಾರ್ಥನೆ ತೊಳೆಯುವುದು ದಿನದಿನವೂ ಎಂಬುದು ಅವರ ಬೋಧನೆಯ ಸಾರ. ಯಾವ ಪ್ರಾರ್ಥನೆ? ಯೇಸು ಶಿಷ್ಯರಿಗೆ ಕಲಿಸಿದ, ದೇವರನ್ನು ತಂದೆಯೆಂದು ಕರೆಯುವ ಆ ಚಿಕ್ಕ ಪ್ರಾರ್ಥನೆ. ಅಗಸ್ಟೀನರ ಕಾಲದಲ್ಲಿ ಅದನ್ನು ಕಂಡಕಂಡವರಿಗೆ ಕಲಿಸುತ್ತಿರಲಿಲ್ಲ. ದೀಕ್ಷೆಯ ದಿನ ಹತ್ತಿರ ಬಂದಾಗಲಷ್ಟೇ ಹೇಳಿಕೊಡುತ್ತಿದ್ದರು.

ಆ ಪ್ರಾರ್ಥನೆಯಲ್ಲೊಂದು ಇಕ್ಕಟ್ಟಿದೆ. ಕ್ಷಮೆ ಕೇಳುವವನು, ತನಗೆ ತಪ್ಪು ಮಾಡಿದವರನ್ನು ತಾನು ಕ್ಷಮಿಸಿದ ಹಾಗೆಯೇ ತನ್ನನ್ನೂ ಕ್ಷಮಿಸಬೇಕೆಂದು ಕೇಳಬೇಕು. ಅನ್ನ ಬೇಡುವುದಕ್ಕೆ ಷರತ್ತಿಲ್ಲ, ಕ್ಷಮೆಗೆ ಇದೆ. ಮತ್ತಾಯನ ಸುವಾರ್ತೆಯಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಯೇಸು ಇದೊಂದೇ ಮಾತಿಗೆ ಮತ್ತೆ ಬರುತ್ತಾರೆ. ಅಣ್ಣನ ಮೇಲೆ ಜಮೀನಿನ ದಾವೆ ಹೂಡಿ ಹತ್ತು ವರ್ಷ ಮಾತು ಬಿಟ್ಟವನು ಇದನ್ನು ದಿನವೂ ಹೇಳಿದರೆ ತನ್ನ ವಿರುದ್ಧವೇ ಅರ್ಜಿ ಬರೆದಂತೆ! ತಣ್ಣೀರಿಗೆ ತಲೆಯೊಡ್ಡುವುದು ಇದಕ್ಕಿಂತ ಸುಲಭ.

ಇನ್ನೊಂದು ಸಂಗತಿ ನಮ್ಮಲ್ಲಿ ಹಲವರಿಗೆ ಗೊತ್ತಿರಲಾರದು. ಸಾಯುವ ಸ್ಥಿತಿಯಲ್ಲಿರುವ ಮಗುವಿಗೆ ಪಾದ್ರಿ ಸಿಗದಿದ್ದರೆ ಯಾರು ಬೇಕಾದರೂ, ಕ್ರೈಸ್ತರಲ್ಲದವರು ಸಹ, ಸರಿಯಾದ ಉದ್ದೇಶದಿಂದ ನೀರು ಹೊಯ್ದು ನಿಗದಿತ ಮಾತು ಹೇಳಿದರೆ ಆ ದೀಕ್ಷೆ ಸಿಂಧು ಎನ್ನುತ್ತದೆ ಕಥೋಲಿಕ ಕಾನೂನು. ಆದರೆ ತನಗೆ ತಾನೇ ದೀಕ್ಷೆ ಕೊಟ್ಟುಕೊಳ್ಳುವಂತಿಲ್ಲ. ಒಂಟಿಯಾಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸಬಹುದು, ನೀರಿಗೆ ಮಾತ್ರ ಇನ್ನೊಬ್ಬರ ಕೈ ಬೇಕು. ಶಿಶುದೀಕ್ಷೆಯ ಪರವಾದ ಬಲವಾದ ವಾದ ನಮಗೆ ಇಲ್ಲಿಯೇ ಕಾಣುವುದು. ಮಗು ಹೆಸರನ್ನೂ ಭಾಷೆಯನ್ನೂ ಕೇಳಿ ಪಡೆದದ್ದಲ್ಲವಲ್ಲ.

ಆದರೆ ಕೊಡುವ ಕೈ ಹಿಡಿದು ಬಗ್ಗಿಸುವ ಕೈಯೂ ಆಗಬಹುದು. 1525ರ ಜನವರಿಯಲ್ಲಿ ಜ್ಯೂರಿಕ್ ನಗರದಲ್ಲಿ ಕೆಲವರು, ತಿಳಿದು ನಂಬಿದವನಿಗೆ ಮಾತ್ರ ದೀಕ್ಷೆ ಎಂದು ವಾದಿಸಿ ಪರಸ್ಪರ ದೀಕ್ಷೆ ಕೊಟ್ಟುಕೊಂಡರು. ಶಿಶುದೀಕ್ಷೆ ಅಲ್ಲಿ ಪೌರತ್ವದ ಗುರುತೂ ಆಗಿತ್ತು. ಅದನ್ನು ನಿರಾಕರಿಸುವುದು ನಗರವನ್ನೇ ನಿರಾಕರಿಸಿದಂತೆ ಎಂದು ಆಡಳಿತ ಸಭೆ ಹೆದರಿತು. 1527ರ ಜನವರಿ 5ರಂದು ಫೆಲಿಕ್ಸ್ ಮಾಂಟ್ಸ್ ಎಂಬವನ ಕೈಕಾಲು ಕಟ್ಟಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿದರು. ನೀರಿನ ವಿಷಯದಲ್ಲಿ ತಪ್ಪಿದವನಿಗೆ ನೀರಿನದೇ ಶಿಕ್ಷೆ. ಮುಳುಗಿಸಿದವರ ಸುವಾರ್ತೆಯಲ್ಲೂ ಮುಳುಗಿದವನ ಸುವಾರ್ತೆಯಲ್ಲೂ ಇದ್ದದ್ದು ಅದೇ ಪ್ರಾರ್ಥನೆ, ಅದೇ ಷರತ್ತು.

2004ರಲ್ಲಿ ಜ್ಯೂರಿಕ್‌ನ ರಿಫಾರ್ಮ್ಡ್ ಚರ್ಚು ಆ ಪಂಥದ ಇಂದಿನ ವಾರಸುದಾರರನ್ನು ಕರೆದು ತಪ್ಪೊಪ್ಪಿಕೊಂಡಿತು, ನದೀದಂಡೆಯಲ್ಲಿ ಸ್ಮಾರಕ ಫಲಕವನ್ನೂ ಇಟ್ಟಿತು. ಬಂದವರು ಅದನ್ನು ಸ್ವೀಕರಿಸಿದರು. ಮುಳುಗಿದವನ ಪರವಾಗಿ ಕ್ಷಮಿಸುವ ಹಕ್ಕು ಐದು ಶತಮಾನಗಳ ಬಳಿಕ ಬಂದವರಿಗೆ ಇರುತ್ತದೆಯೇ ಎಂಬುದನ್ನು ನಾವು ಇನ್ನೂ ತೀರ್ಮಾನಿಸಲಾರೆವು.